ವಿದೇಶದಿಂದ ವಾಪಸ್ ಬಂದೆವು, ಈಗ ನಮ್ಮ ಮನೆಯೇ ಹೊಸದು ಅನ್ನಿಸುತ್ತಿದೆ: ಆಪ್ತ ಸಮಾಲೋಚಕರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಹತ್ತು ವರ್ಷಕ್ಕೂ ಜಾಸ್ತಿ ಹೊರದೇಶದಲ್ಲಿದ್ದು, ಈಗ ಗಂಡ, ಮಕ್ಕಳ ಜೊತೆ ವಾಪಸ್ ಬಂದಿದ್ದೇನೆ. ಬಂದು ಕೆಲವು ತಿಂಗಳಾಯಿತು. ಬರಬೇಕು ಅಂತ ತೀರ್ಮಾನ ಮಾಡಿದ್ದು ನಾವೇ, ಯಾರ ಬಲವಂತವೂ ಇರಲಿಲ್ಲ. ಮೊದಲ ಕೆಲವು ವಾರ ಖುಷಿಯೋ ಖುಷಿ. ಆಮೇಲೆ ಏನಾಯಿತೋ, ಸಣ್ಣ ಸಣ್ಣದಕ್ಕೂ ಸಿಟ್ಟು ಬರುತ್ತದೆ. ಬಾಯಿ ತೆಗೆದರೆ ಸಾಕು, "ಅಲ್ಲಿ ಹೀಗಿರಲಿಲ್ಲ" ಅಂತಲೇ ಶುರುವಾಗುತ್ತದೆ. ಕೇಳುವವರ ಮುಖ ಸಣ್ಣದಾಗುತ್ತದೆ. ಹಳೆಯ ಗೆಳತಿಯರು ಸಿಕ್ಕರೆ ಹತ್ತು ನಿಮಿಷದಲ್ಲಿ ಮಾತು ಮುಗಿದುಹೋಗುತ್ತದೆ. ಅಲ್ಲಿಗೆ ಹೋದ ಹೊಸತರಲ್ಲೂ ಇಷ್ಟು ಕಷ್ಟ ಆಗಿರಲಿಲ್ಲ. ಇದು ಕಾಯಿಲೆಯಾ, ಅಥವಾ ನನ್ನ ಸೊಕ್ಕಾ? ಮನೆಯವರು ಸೊಕ್ಕು ಅಂತಾರೆ.

ಉತ್ತರ: ನಮಸ್ಕಾರ. ಸೊಕ್ಕಲ್ಲ, ಕಾಯಿಲೆಯೂ ಅಲ್ಲ. ಹೊರಗೆ ಬದುಕಿ ಮರಳಿದವರಿಗೆ ತಮ್ಮ ಊರೇ ಹೊಸದಾಗಿ ಕಂಡು ಹೊಂದಿಕೊಳ್ಳಲು ಕಷ್ಟವಾಗುವ ಇದನ್ನು ರಿವರ್ಸ್ ಕಲ್ಚರ್ ಶಾಕ್ ಅಂತ ಕರೆಯುತ್ತಾರೆ. ಮಾನಸಿಕ ಕಾಯಿಲೆಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಹಾಗಂತ ನೋವು ಸುಳ್ಳಲ್ಲ. ಮನೆಯವರೇ ಸೊಕ್ಕು ಅಂದಾಗ ಎಷ್ಟು ಚುಚ್ಚಿರಬೇಕು ಅಂತ ನನಗೆ ಅರ್ಥವಾಗುತ್ತದೆ.

ಇದರ ಅಧ್ಯಯನ ಇವತ್ತು ನಿನ್ನೆಯದಲ್ಲ. ನಾರ್ವೆಯ ಸ್ವೆರ್ರೆ ಲಿಸ್ಗಾರ್ಡ್ ಅನ್ನುವ ಸಮಾಜಶಾಸ್ತ್ರಜ್ಞ, ಫುಲ್‌ಬ್ರೈಟ್ ಅನ್ನುವ ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನದ ನೆರವಿನಲ್ಲಿ ಅಮೆರಿಕಕ್ಕೆ ಹೋಗಿದ್ದ ತನ್ನ ದೇಶದ 200 ಜನರನ್ನು ಮಾತಾಡಿಸಿ 1955ರಲ್ಲಿ ಒಂದು ಲೇಖನ ಬರೆದರು. ಹೋದ ಹೊಸತರಲ್ಲಿ ಖುಷಿ, ಆಮೇಲೆ ಕುಸಿತ, ನಂತರ ನಿಧಾನವಾಗಿ ಚೇತರಿಕೆ. ಇಂಗ್ಲಿಷಿನ 'ಯು' ಅಕ್ಷರದ ಆಕಾರ. 1963ರಲ್ಲಿ ಜಾನ್ ಮತ್ತು ಜೀನ್ ಗಲ್ಲಾಹಾರ್ನ್ ಅನ್ನುವ ಸಂಶೋಧಕರು ಇದಕ್ಕೆ ಇನ್ನೊಂದು 'ಯು' ಸೇರಿಸಿದರು. ವಾಪಸ್ ಬಂದಮೇಲೂ ಅದೇ ಇಳಿತ, ಅದೇ ಏರು. ಎರಡೂ ಸೇರಿ 'ಡಬ್ಲ್ಯು' ಆಯಿತು. ನಿಮ್ಮ ಮೊದಲ ವಾರಗಳ ಖುಷಿ, ಆಮೇಲಿನ ಸಿಟ್ಟು ಈ ಚಿತ್ರಕ್ಕೆ ಹೊಂದುತ್ತದೆ. ಆದರೆ ಇದನ್ನು ರೈಲಿನ ವೇಳಾಪಟ್ಟಿ ಥರ ನಂಬಿ ಕೂರಬೇಡಿ. ಕಾಲೀನ್ ವಾರ್ಡ್ ಅನ್ನುವ ಮನಃಶಾಸ್ತ್ರಜ್ಞೆ ಮತ್ತು ಜೊತೆಗಾರರು ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿ ವಿದ್ಯಾರ್ಥಿಗಳನ್ನು ಬಂದಾಗಿನಿಂದಲೇ ಗಮನಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶುರುವಿನ ಆ ಖುಷಿಯೇ ಕಾಣಲಿಲ್ಲ. ಕಾಲಿಟ್ಟ ಹೊತ್ತಿನಲ್ಲೇ ಕಷ್ಟ ಎಲ್ಲಕ್ಕಿಂತ ಜಾಸ್ತಿ ಇತ್ತು. ಹಾಗಾಗಿ ಯಾರಾದರೂ "ಆರು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ" ಅಂತ ತಾರೀಕು ಕೊಟ್ಟರೆ, ಆ ತಾರೀಕಿಗೆ ಸರಿಹೋಗಲಿಲ್ಲ ಅಂತ ಮತ್ತೆ ಕೊರಗಬೇಡಿ.

ಹೋದಾಗಿನದಕ್ಕಿಂತ ಬಂದಾಗ ಯಾಕೆ ಹೆಚ್ಚು ಕಷ್ಟ? ಹೋಗುವಾಗ ಕಷ್ಟ ಇದೆ ಅಂತ ಗೊತ್ತಿತ್ತು. ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದಿರಿ. ಬರುವಾಗ ಯಾರೂ ಸಿದ್ಧತೆ ಮಾಡಿಕೊಳ್ಳುವುದಿಲ್ಲ. ಮನೆಗೆ ಬರುವುದಕ್ಕೆ ಸಿದ್ಧತೆ ಯಾಕೆ ಅಲ್ವಾ? ಇನ್ನೊಂದು ವಿಷಯ, ಅಲ್ಲಿ ನೀವು ತಪ್ಪು ಮಾಡಿದರೆ "ಹೊಸಬರು, ಪಾಪ" ಅಂತ ಬಿಡುತ್ತಿದ್ದರು. ಇಲ್ಲಿ ಕಚೇರಿಯ ಕೌಂಟರ್ ಮುಂದೆ ಯಾವ ಕಾಗದ ಮೊದಲು ಕೊಡಬೇಕು ಅಂತ ಗೊತ್ತಾಗದೆ ತಡವರಿಸಿ ನೋಡಿ. ಹಿಂದೆ ನಿಂತವರು "ಇಷ್ಟೂ ಗೊತ್ತಿಲ್ವಾ" ಅಂತಾರೆ. ನಿಮ್ಮ ಮುಖ, ನಿಮ್ಮ ಮಾತು ಅವರದ್ದೇ ಥರ ಇದೆ. ನೀವೂ ಹೊಸಬರು ಅಂತ ಹೊರಗಿನಿಂದ ಕಾಣುವುದಿಲ್ಲ.

ಆಲ್ಫ್ರೆಡ್ ಶುಟ್ಜ್ ಅನ್ನುವ ಚಿಂತಕರು ವಿಯೆನ್ನಾ ಬಿಟ್ಟು ಅಮೆರಿಕ ಸೇರಿದವರು. ಯುದ್ಧದಿಂದ ಮನೆಗೆ ಮರಳುವ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು 1945ರಲ್ಲಿ ಒಂದು ಪ್ರಬಂಧ ಬರೆದರು. ಅದರಲ್ಲಿ ಅವರು ಹೇಳಿದ ಎರಡು ಮಾತು ನನಗೆ ಈ ಕೆಲಸದಲ್ಲಿ ತುಂಬ ಉಪಯೋಗಕ್ಕೆ ಬಂದಿವೆ. ಒಂದು, ಮರಳುವವರು ತಾವು ಬಿಟ್ಟುಹೋದ ಮನೆಯನ್ನು ಹುಡುಕುತ್ತಾರೆ. ಮನೆಯವರು ತಾವು ಕಳಿಸಿಕೊಟ್ಟ ವ್ಯಕ್ತಿಗೆ ಕಾಯುತ್ತಾರೆ. ಆ ಮನೆಯೂ ಇಲ್ಲ, ಆ ವ್ಯಕ್ತಿಯೂ ಇಲ್ಲ. ಎರಡನೆಯದು, ನಿಮಗೆ ಆದ ಅನುಭವ ನಿಮ್ಮೊಬ್ಬರದು. ಮನೆಯವರಿಗೆ ಅದು "ಹೊರದೇಶದಲ್ಲಿ ಇದ್ದವರ ಕತೆ" ಅನ್ನುವ ಒಂದೇ ಗುಂಪಿಗೆ ಸೇರಿದ್ದು, ಅವರು ಅದನ್ನು ಆಗಲೇ ಎಷ್ಟೋ ಸಲ ಕೇಳಿದ್ದಾರೆ. ನಿಮ್ಮ ಗೆಳತಿಯರ ಆಸಕ್ತಿ ಹತ್ತು ನಿಮಿಷಕ್ಕೆ ಮುಗಿಯುವುದು ಪ್ರೀತಿ ಕಡಿಮೆಯಾಗಿ ಅಲ್ಲ. ನೀವು ಹೇಳುವ ರಸ್ತೆ, ಜನ, ಚಳಿ ಯಾವುದೂ ಅವರ ಕಣ್ಣ ಮುಂದೆ ಬರುವುದಿಲ್ಲ.

ಹಾಗಾದರೆ ಏನು ಮಾಡುವುದು? ನಾನು ಮೊದಲು ಹೇಳುವುದು ಇಷ್ಟೇ. "ವಾಪಸ್ ಬಂದೆ" ಅನ್ನುವುದನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಹೊಸ ಜಾಗಕ್ಕೆ ಬಂದಿದ್ದೇನೆ ಅಂತಲೇ ನಡೆದುಕೊಳ್ಳಿ. ಅಲ್ಲಿಗೆ ಹೋದ ಹೊಸತರಲ್ಲಿ ಏನೇನು ಮಾಡಿದ್ದಿರಿ? ಬಸ್ ದಾರಿ ಕೇಳಿ ತಿಳಿದುಕೊಂಡಿರಿ, ಪಕ್ಕದ ಮನೆಯವರ ಪರಿಚಯ ಮಾಡಿಕೊಂಡಿರಿ, ಗೊತ್ತಿಲ್ಲದ್ದನ್ನು ನಾಚಿಕೆ ಇಲ್ಲದೆ ಕೇಳಿದಿರಿ. ಅದೇ ತಾಳ್ಮೆ ಇಲ್ಲೂ ಬೇಕು. "ಅಲ್ಲಿ ಹೀಗಿತ್ತು" ಅಂತ ನಾಲಿಗೆ ತುದಿಗೆ ಬಂದಾಗ "ನೀವು ಇದನ್ನು ಹೇಗೆ ಮಾಡ್ತೀರಿ?" ಅಂತ ಕೇಳಿ ನೋಡಿ. ಹೋಲಿಸಬೇಡಿ ಅಂತ ನಾನು ಹೇಳುವುದಿಲ್ಲ. ಎರಡು ಜಾಗ ನೋಡಿದ ಮನಸ್ಸು ಹೋಲಿಸಿಯೇ ಹೋಲಿಸುತ್ತದೆ. ನಿಮ್ಮ ಹಾಗೇ ಬದುಕಿ ಬಂದ ಒಬ್ಬರನ್ನು ಹುಡುಕಿಕೊಂಡು ಅವರ ಹತ್ತಿರ ಮನಸಾರೆ ಹೋಲಿಸಿ.

ಎರಡನೆಯದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ನೀವಿಲ್ಲದ ವರ್ಷಗಳಲ್ಲಿ ಅವರಿಗೆ ಏನೇನಾಯಿತು ಅಂತ ಕೇಳಿ. ಫೋನಿನಲ್ಲಿ ಸುದ್ದಿ ಗೊತ್ತಾಗಿತ್ತು, ನಿಜ. ಸುದ್ದಿ ಬೇರೆ, ಆ ದಿನ ಕಳೆದದ್ದು ಬೇರೆ. ಅಪ್ಪ ಆಸ್ಪತ್ರೆಯಲ್ಲಿದ್ದ ರಾತ್ರಿ ಬೆಂಚಿನ ಮೇಲೆ ಯಾರು ಕೂತಿದ್ದರು? ಗೆಳತಿ ಕೆಲಸ ಕಳೆದುಕೊಂಡಾಗ ಮೊದಲು ಯಾರಿಗೆ ಹೇಳಿದಳು? ಫೋಟೋ ಮುಂದಿಟ್ಟುಕೊಂಡು ಒಂದೊಂದಾಗಿ ಕೇಳಿ. "ಇವರು ಯಾರು? ಈ ಗೋಡೆ ಯಾವಾಗ ಕಟ್ಟಿದ್ದು?" ಹೀಗೆ. ಅವರ ಹತ್ತು ವರ್ಷ ನೀವು ಕೇಳಿಸಿಕೊಂಡರೆ, ನಿಮ್ಮ ಹತ್ತು ವರ್ಷಕ್ಕೂ ಅವರ ಕಿವಿ ತೆರೆಯುತ್ತದೆ. ಇದು ಒಂದು ಸಂಜೆಯಲ್ಲಿ ಮುಗಿಯುವ ಕೆಲಸ ಅಲ್ಲ.

ಮರುಪ್ರಶ್ನೆ (ಅದೇ ಸದಸ್ಯೆ): ಓದುತ್ತಾ ಕಣ್ಣು ತುಂಬಿ ಬಂತು ಮೇಡಂ. ಆದರೆ ನನ್ನ ಗಂಡನಿಗೆ ಏನೂ ಆಗಿಲ್ಲ. ಆರಾಮಾಗಿದ್ದಾರೆ. ಒಂದೇ ಮನೆಯಲ್ಲಿ ಇದು ಹೇಗೆ? ನನ್ನಲ್ಲೇ ಏನೋ ಕೊರತೆ ಅನ್ನಿಸುತ್ತಿದೆ.

ಉತ್ತರ: ಕೊರತೆ ಏನೂ ಇಲ್ಲ. ಅವರಿಗೆ ಬಂದ ಕೂಡಲೇ ಕೆಲಸ ಸಿಕ್ಕಿತಾ? ಕೆಲಸ ಅಂದರೆ ಬೆಳಗ್ಗೆ ಎದ್ದು ಹೋಗುವ ಜಾಗ, ಗೊತ್ತಿರುವ ಪಾತ್ರ, ಹೊಸ ಪರಿಚಯ. ನೀವು ಅಲ್ಲಿ ಒಬ್ಬರೇ ಗಾಡಿ ಓಡಿಸಿಕೊಂಡು, ಮನೆಯ ತೀರ್ಮಾನ ನೀವೇ ಮಾಡಿಕೊಂಡು ಇದ್ದವರಾಗಿದ್ದು, ಇಲ್ಲಿ ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕೇಳುವ ಹಾಗಾಗಿದ್ದರೆ, ಇಬ್ಬರೂ ಒಂದೇ ವಿಮಾನದಲ್ಲಿ ಬಂದರೂ ನೀವು ಕಳೆದುಕೊಂಡದ್ದು ಅವರಿಗಿಂತ ಜಾಸ್ತಿ.

ನ್ಯಾನ್ ಸಸ್ಮನ್ ಅನ್ನುವ ಮನಃಶಾಸ್ತ್ರಜ್ಞೆ 2000ದಲ್ಲಿ ಬರೆದ ಪ್ರಬಂಧದಲ್ಲಿ ಒಂದು ವಾದ ಇದೆ. ಹೊರಗಿನ ಬದುಕು ನಮ್ಮನ್ನು ಒಳಗಿನಿಂದ ಬದಲಾಯಿಸುತ್ತದೆ, ಆದರೆ ಆ ಬದಲಾವಣೆ ಕಣ್ಣಿಗೆ ಬೀಳುವುದು ಮರಳಿದ ಮೇಲೆ. ಅಲ್ಲಿ ಯಾರು ಚೆನ್ನಾಗಿ ಬೆರೆತಿದ್ದರೋ ಅವರಿಗೇ ಮರಳುವುದು ಎಷ್ಟೋ ಸಲ ಹೆಚ್ಚು ಕಷ್ಟ. ಅಂದರೆ ನೀವು ಅಲ್ಲಿ ಬರೀ ದಿನ ಎಣಿಸಲಿಲ್ಲ, ನಿಜವಾಗಿ ಬದುಕಿದಿರಿ.

ಒಂದು ಬದುಕು ಮುಗಿದಿದೆ. ಅದಕ್ಕೆ ದುಃಖ ಪಡುವ ಹಕ್ಕು ನಿಮಗಿದೆ. ಸುತ್ತಲಿನವರು ಒಪ್ಪದ ಇಂಥ ದುಃಖದ ಬಗ್ಗೆ ಕೆನೆತ್ ಡೋಕಾ ಅನ್ನುವ ತಜ್ಞರು 1989ರಿಂದಲೇ ಬರೆದಿದ್ದಾರೆ. ಸಾವಾದರೆ ಜನ ಬಂದು ಪಕ್ಕದಲ್ಲಿ ಕೂರುತ್ತಾರೆ. ಮನೆಗೆ ಬಂದವರಿಗೆ ಯಾರು ಸಮಾಧಾನ ಹೇಳುತ್ತಾರೆ? ಗಂಡನ ಹತ್ತಿರ ಇದನ್ನು ದೂರಿನ ಥರ ಹೇಳಬೇಡಿ. "ನನಗೆ ಅಲ್ಲಿನ ಇಂಥದ್ದು ನೆನಪಾಗಿ ಸಂಕಟ ಆಗುತ್ತಿದೆ, ಸುಮ್ನೆ ಕೇಳಿಸಿಕೋ, ಪರಿಹಾರ ಬೇಡ" ಅಂತ ಹೇಳಿ.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮ ಮಗ ಹುಟ್ಟಿದ್ದು, ಬೆಳೆದದ್ದು ಎಲ್ಲ ಹೊರಗಡೆ. ಈಗ ಹೈಸ್ಕೂಲು. "ನಾವು ಮನೆಗೆ ಯಾವಾಗ ಹೋಗೋದು?" ಅಂತ ಕೇಳುತ್ತಾನೆ. ಇದೇ ನಿನ್ನ ಮನೆ ಕಣೋ ಅಂದರೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ.

ಉತ್ತರ: ಸರ್, ವಾಪಸ್ ಬಂದಿರುವುದು ನೀವು. ಅವನು ಮನೆ ಬಿಟ್ಟು ಬಂದಿದ್ದಾನೆ. ಅವನ ಮಟ್ಟಿಗೆ ಇದು ವಲಸೆ. "ಇದೇ ನಿನ್ನ ಮನೆ" ಅಂದಾಗ, ನಿನಗೆ ಆಗುತ್ತಿರುವ ಸಂಕಟ ಸುಳ್ಳು ಅಂತ ಹೇಳಿದ ಹಾಗೆ ಅವನಿಗೆ ಕೇಳಿಸುತ್ತದೆ. "ನಿನಗೆ ಆ ಮನೆ ನೆನಪಾಗುತ್ತಿದೆ ಅಲ್ವಾ?" ಅನ್ನಿ, ಅಲ್ಲಿಗೆ ನಿಲ್ಲಿಸಿ. ಉಳಿದದ್ದನ್ನು ಅವನು ಹೇಳುತ್ತಾನೆ, ಇವತ್ತಲ್ಲದಿದ್ದರೆ ನಾಳೆ.

ಅಪ್ಪ ಅಮ್ಮನ ದೇಶದ ಹೊರಗೆ ಬೆಳೆದ ಇಂಥ ಮಕ್ಕಳನ್ನು ಥರ್ಡ್ ಕಲ್ಚರ್ ಕಿಡ್ಸ್, ಅಂದರೆ ಮೂರನೇ ಸಂಸ್ಕೃತಿಯ ಮಕ್ಕಳು ಅಂತಾರೆ. ರೂತ್ ಹಿಲ್ ಯೂಸೀಮ್ ಅನ್ನುವ ಸಮಾಜಶಾಸ್ತ್ರಜ್ಞೆ 1950ರ ದಶಕದಲ್ಲಿ ಕೊಟ್ಟ ಹೆಸರು. ಜಪಾನಿನಲ್ಲಿ ಹೊರದೇಶದಿಂದ ಮರಳಿದ ಮಕ್ಕಳಿಗೆ ಎಷ್ಟೋ ಶಾಲೆ, ವಿಶ್ವವಿದ್ಯಾಲಯಗಳು ಪ್ರತ್ಯೇಕ ಪ್ರವೇಶ ವ್ಯವಸ್ಥೆಯನ್ನೇ ಇಟ್ಟಿವೆ. ನಿಮ್ಮ ಮಗನ ಶಾಲೆಯಲ್ಲಿ ಅಂಥದ್ದು ಇಲ್ಲದಿದ್ದರೂ ಕ್ಲಾಸ್ ಟೀಚರ್‌ಗೆ ಒಂದು ಮಾತು ಹೇಳಿ. ಅವನ ಮಾತಿನ ಧಾಟಿಯನ್ನು ಯಾರೂ ಅಣಕಿಸದ ಹಾಗೆ ನೋಡಿಕೊಳ್ಳಲು ಕೇಳಿ. ಮನೆಯಲ್ಲಿ ನೆಂಟರು ಪ್ರೀತಿಯಿಂದ ಅಣಕಿಸಿದರೂ ತಡೆಯಿರಿ. ಆ ವಯಸ್ಸಿಗೆ ಅದು ಪ್ರೀತಿ ಅಂತ ಅನ್ನಿಸುವುದಿಲ್ಲ. ಅಲ್ಲಿನ ಗೆಳೆಯರ ಜೊತೆ ಮಾತಾಡಲು ವಾರಕ್ಕೆ ಒಂದು ಹೊತ್ತು ಗೊತ್ತು ಮಾಡಿಕೊಡಿ. ಸಮಯದ ವ್ಯತ್ಯಾಸ ಇದ್ದರೆ ಆ ಒಂದು ರಾತ್ರಿ ತಡವಾಗಿ ಮಲಗಲಿ ಬಿಡಿ. ಅಲ್ಲಿನ ಭಾಷೆಯನ್ನೂ ಬಿಡಿಸಬೇಡಿ. ಬಳಸದಿದ್ದರೆ ಮಕ್ಕಳು ಭಾಷೆಯನ್ನು ದೊಡ್ಡವರಿಗಿಂತ ಬೇಗ ಮರೆಯುತ್ತಾರೆ. ಭಾಷೆ ಹೋದರೆ ಆ ಗೆಳೆತನವೂ ಹೋಗುತ್ತದೆ.

ಮತ್ತೊಬ್ಬ ಸದಸ್ಯೆ: ನಾನು ಆ ಕಡೆಯವಳು ಮೇಡಂ. ಅಂದರೆ ಎಲ್ಲೂ ಹೋಗದೆ ಮನೆಯಲ್ಲೇ ಇದ್ದವಳು. ಇಷ್ಟು ವರ್ಷ ಅಮ್ಮನನ್ನು ನೋಡಿಕೊಂಡದ್ದು ನಾನು. ಅಣ್ಣ ಬಂದ ವಾರಕ್ಕೇ ಅಮ್ಮನ ಮಾತ್ರೆ ಡಬ್ಬಿ ಬದಲಾಯಿಸಿದ, ಡಾಕ್ಟರನ್ನೂ ಬದಲಾಯಿಸಬೇಕು ಅಂತಾನೆ. ಅಮ್ಮನಿಗೆ ರಾತ್ರಿ ಮಾತ್ರೆ ಯಾವ ಖಾನೆಯಲ್ಲಿದೆ ಅಂತ ಈಗ ಗೊತ್ತಾಗುವುದಿಲ್ಲ. ಏನಾದರೂ ಹೇಳಿದರೆ "ಅಲ್ಲಿ ಎಲ್ಲ ಹೀಗೇ" ಅಂತಾನೆ. ನನ್ನ ಕಷ್ಟಕ್ಕೂ ಒಂದು ಹೆಸರಿದೆಯಾ?

ಉತ್ತರ: ನೀವು ಬರೆದದ್ದು ಒಳ್ಳೆಯದಾಯಿತು. ಮರಳಿದವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಉಳಿದವರನ್ನು ಯಾರೂ ಕೇಳುವುದಿಲ್ಲ. ಹೆಸರು ಇರಲಿ ಬಿಡಲಿ, ನಿಮಗೆ ಆಗಿರುವುದು ಅನ್ಯಾಯವೇ. ನೀವು ವರ್ಷಗಟ್ಟಲೆ ಕೂಡಿಸಿಕೊಂಡ ತಿಳುವಳಿಕೆಯನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ.

ಅಣ್ಣ ಯಾಕೆ ಹೀಗೆ ಮಾಡುತ್ತಿರಬಹುದು ಅಂತ ನನಗೆ ತೋರುವುದನ್ನು ಹೇಳುತ್ತೇನೆ. ದೂರದಲ್ಲಿದ್ದಾಗ ಏನೂ ಮಾಡಲಾಗಲಿಲ್ಲ ಅನ್ನುವ ಅಳುಕು ಮರಳಿದ ಎಷ್ಟೋ ಜನರಲ್ಲಿ ಇರುತ್ತದೆ. ಬಂದ ಕೂಡಲೇ ಎಲ್ಲವನ್ನೂ ಒಟ್ಟಿಗೇ ಮಾಡಿ ತೀರಿಸಲು ಹೊರಡುತ್ತಾರೆ. ವಯಸ್ಸಾದ ತಾಯಿಯನ್ನು ಕಂಡಾಗ ಅವರಿಗೆ ಹೆದರಿಕೆಯೂ ಆಗಿರುತ್ತದೆ. ನೀವು ದಿನವೂ ನೋಡಿದ್ದರಿಂದ ಆ ಬದಲಾವಣೆ ನಿಮಗೆ ನಿಧಾನವಾಗಿ ಬಂತು, ಅವರ ಕಣ್ಣಿಗೆ ಒಮ್ಮೆಲೇ ಬಿತ್ತು. ಇದು ಕಾರಣ ಮಾತ್ರ. ಇದರಿಂದ ಅವರು ಮಾಡಿದ್ದು ಸರಿಯಾಗುವುದಿಲ್ಲ.

ಮಾತ್ರೆಯ ವಿಷಯ ಇವತ್ತೇ ಸರಿಮಾಡಿ. ಗಲಿಬಿಲಿಯಲ್ಲಿ ಒಂದು ಮಾತ್ರೆ ತಪ್ಪಿದರೆ ಅಥವಾ ಎರಡು ಸಲ ತೆಗೆದುಕೊಂಡರೆ ಅಪಾಯ ಅಮ್ಮನಿಗೆ. ಡಬ್ಬಿ ಅಮ್ಮನಿಗೆ ಅಭ್ಯಾಸವಾದ ಕ್ರಮದಲ್ಲೇ ಇರಲಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಗಿ. ಮಾತಾಡುವುದು ನೀವು, ಅವರು ಕೇಳಿಸಿಕೊಳ್ಳಲಿ. ನಿಮಗೆ ಏನೇನು ಗೊತ್ತು ಅಂತ ಆ ಕೋಣೆಯಲ್ಲಿ ಅವರಿಗೆ ತಿಳಿಯುತ್ತದೆ. ಆಮೇಲೆ ಒಂದು ಕೆಲಸವನ್ನು ಪೂರ್ತಿ ಅವರಿಗೇ ಬಿಟ್ಟುಕೊಡಿ. ವಿಮೆಯ ಕಾಗದಪತ್ರವೋ, ರಾತ್ರಿಯ ಪಾಳಿಯೋ. ಅರ್ಧ ಅರ್ಧ ಹಂಚಿದರೆ ದಿನವೂ ಜಗಳ. ಮತ್ತೆ ಒಂದು ಮಾತು, ನಿಮಗೂ ವಿಶ್ರಾಂತಿ ಬೇಕು. ಅವರು ಬಂದಿರುವಾಗ ಕೆಲವು ದಿನ ನೀವು ಎಲ್ಲಾದರೂ ಹೋಗಿ ಬನ್ನಿ.

ಮರುಪ್ರಶ್ನೆ (ಮೊದಲ ಸದಸ್ಯೆ): ಕೊನೆಯದಾಗಿ ಕೇಳುತ್ತೇನೆ. ಯಾವಾಗ ಡಾಕ್ಟರ ಹತ್ತಿರ ಹೋಗಬೇಕು? ಮತ್ತೆ ಅಲ್ಲಿಗೇ ಹೊರಟುಹೋಗೋಣ ಅಂತ ದಿನಕ್ಕೊಂದು ಸಲ ಅನ್ನಿಸುತ್ತದೆ. ಅದು ಸೋಲಾ?

ಉತ್ತರ: ಡಾಕ್ಟರ ವಿಷಯ ಮೊದಲು. ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ರೆ, ಹಸಿವು ಕೆಡುವುದು ಎರಡು ವಾರ ಹೆಚ್ಚುಕಡಿಮೆ ದಿನವೂ ಇದ್ದರೆ ಅದನ್ನು ಕಲ್ಚರ್ ಶಾಕ್ ಅಂತ ತಳ್ಳಿಹಾಕಬೇಡಿ. ಖಿನ್ನತೆ ಇರಬಹುದು, ತೋರಿಸಿ. ಹೊಂದಾಣಿಕೆಯ ತೊಂದರೆಗೆ ವೈದ್ಯರು ಅಡ್ಜಸ್ಟ್‌ಮೆಂಟ್ ಡಿಸಾರ್ಡರ್ ಅಂತ ಒಂದು ಗುರುತು ಇಟ್ಟಿದ್ದಾರೆ. ಬದಲಾವಣೆಯಾದ 3 ತಿಂಗಳ ಒಳಗೆ ಶುರುವಾಗಿ, ದಿನದ ಕೆಲಸಕ್ಕೇ ಅಡ್ಡಿಯಾಗುವಂಥದ್ದು ಅದು. ಅದಕ್ಕೆ ಮಾತಿನ ಚಿಕಿತ್ಸೆಯಿಂದ ಚೆನ್ನಾಗಿ ಸಹಾಯವಾಗುತ್ತದೆ. ಬದುಕೇ ಬೇಡ ಅನ್ನುವ ಯೋಚನೆ ಒಂದೇ ಒಂದು ಸಲ ಬಂದರೂ ಎರಡು ವಾರ ಕಾಯುವ ಮಾತೇ ಇಲ್ಲ. ಅವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಮತ್ತೆ ಹೋಗುವುದು ಸೋಲಲ್ಲ. ಹೋಗಿ ನೆಮ್ಮದಿಯಾಗಿ ಇರುವವರಿದ್ದಾರೆ. ಆದರೆ ಸಿಟ್ಟು ಬಂದ ದಿನ ಟಿಕೆಟ್ ನೋಡಬೇಡಿ. ನಿಮಗೆ ನಿಜವಾಗಿ ಏನು ಬೇಕಾಗಿದೆ ಅಂತ ಹೆಸರಿಟ್ಟು ಬರೆಯಿರಿ. ಸ್ವಂತ ಸಂಪಾದನೆಯಾ? ಯಾರೂ ಪ್ರಶ್ನೆ ಕೇಳದ ಒಂದು ಗಂಟೆಯಾ? ಆ ಒಬ್ಬ ಗೆಳತಿಯಾ? ಇದರಲ್ಲಿ ಕೆಲವನ್ನು ಇಲ್ಲೇ ಕಟ್ಟಿಕೊಳ್ಳಬಹುದು. ಕೆಲವು ಸಾಧ್ಯವೇ ಇಲ್ಲ. ಇನ್ನು ಕೆಲವು ಅಲ್ಲಿಗೆ ಹೋದರೂ ಸಿಗುವುದಿಲ್ಲ, ಯಾಕೆಂದರೆ ಆ ಜಾಗವೂ ನಿಮ್ಮನ್ನು ಕಾಯುತ್ತಾ ನಿಂತಿಲ್ಲ. ಬರೆದದ್ದನ್ನು ಗಂಡನ ಜೊತೆ ಕೂತು ಓದಿ. ಅವರೂ ತಮ್ಮದನ್ನು ಬರೆಯಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಬೇಕಾದರೆ ಇಬ್ಬರೂ ಒಟ್ಟಿಗೆ ನನ್ನ ಹತ್ತಿರ ಬನ್ನಿ, ಹೋಗುವುದೋ ಇರುವುದೋ ಅಂತ ಆಗ ಮಾತಾಡೋಣ.