ಗೋಡೆ ಚಂಡಿಯಾಗುತ್ತಿದೆ, ಸರ್ಕಾರದ ದುಡ್ಡು ಸಿಗುತ್ತಾ?

ಕೇಳಿದವರು: ಅಮ್ಮ ಒಬ್ಬರೇ ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ಜಂಬಿಟ್ಟಿಗೆ ಗೋಡೆ, ಹಳೇ ಮಂಗಳೂರು ಹೆಂಚು. ಹೋದ ವರ್ಷ ಪುನರ್ವಸು ಮಳೆಗೆ ಪಶ್ಚಿಮದ ಗೋಡೆ ಒಳಗಿನವರೆಗೂ ಚಂಡಿಯಾಯಿತು. ಅಟ್ಟದ ಮೇಲಿನ ಬಟ್ಟೆಗೂ ಬೂಷ್ಟು. ಬಿಪಿಎಲ್ ಕಾರ್ಡ್ ಇದೆ. ರಿಪೇರಿಗೆ ಸರ್ಕಾರದಿಂದ ಏನಾದರೂ ಸಿಗುತ್ತಾ, ಇಲ್ಲಾ ಹೊಸ ಮನೆಗೇ ಅರ್ಜಿ ಹಾಕಬೇಕಾ? ಪಡೆದವರು ಹೇಳಿ.

ಸಾಗರ ಕಡೆಯ ಅಕ್ಕ: ನಮಗೆ ಪಿಎಂಎವೈ ಗ್ರಾಮೀಣದಲ್ಲಿ, ಅಂದರೆ ಕೇಂದ್ರದ ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ, ಮನೆ ಆಯಿತು. ಮೊದಲೇ ಹೇಳಿಬಿಡುತ್ತೇನೆ, ಅದು ಹೊಸ ಮನೆಗೆ. ಹೆಂಚು ಬದಲಿಸಲು, ಗೋಡೆಗೆ ಗಾರೆ ಮಾಡಿಸಲು ಅದರಲ್ಲಿ ಕೊಡುವುದಿಲ್ಲ. ನಮಗೆ ಬಂದದ್ದು 1.20 ಲಕ್ಷ. ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ಇದೆ, ಕರ್ನಾಟಕ ಆ ಲೆಕ್ಕಕ್ಕೆ ಬರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿದರೂ ಕಾಗದದಲ್ಲಿ ನಾವು ಬಯಲುಸೀಮೆಯವರೇ! ಇದರ ಮೇಲೆ ನರೇಗಾದಲ್ಲಿ 90 ದಿನದ ಕೂಲಿ, ಶೌಚಾಲಯಕ್ಕೆ 12,000 ಬಂತು. ಮನೆ ಕಡಿಮೆ ಅಂದರೆ 25 ಚದರ ಮೀಟರ್ ಇರಬೇಕು, ಅಡಿಗೆ ಮನೆ ಸೇರಿ. ಆ ದುಡ್ಡಿಗೆ ಅಷ್ಟು ಮನೆ ಏಳುವುದಿಲ್ಲ, ಕೈಯಿಂದ ಹಾಕಲೇಬೇಕು.

ದುಡ್ಡು ಕಂತಿನಲ್ಲಿ ಬರುತ್ತದೆ. ಒಂದೊಂದು ಹಂತ ಮುಗಿದಾಗಲೂ ಪಂಚಾಯಿತಿ ಕಡೆಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೋ ತೆಗೆಯಬೇಕು, ಆಮೇಲೆ ಖಾತೆಗೆ. ಫೋಟೋ ತಡವಾದರೆ ಕಂತೂ ತಡ. ಮಳೆ ಕಾಯುತ್ತದಾ? ನಮ್ಮದು ಲಿಂಟಲ್ ಮಟ್ಟಕ್ಕೆ ಬಂದು, ಮುಂದಿನ ಕಂತು ಬರುವ ಹೊತ್ತಿಗೆ ಮೃಗಶಿರಾ ಮಳೆ ಶುರುವಾಯಿತು. ಗೋಡೆಗೆ ಟಾರ್ಪಾಲು ಹೊದಿಸಿ, ನಾವು ಮೂರು ತಿಂಗಳು ಕೊಟ್ಟಿಗೆಯಲ್ಲಿದ್ದೆವು. ಹಸುವಿಗೆ ಬೇಜಾರಿರಲಿಲ್ಲ, ನಮ್ಮತ್ತೆಗಿತ್ತು.

ಅದಕ್ಕೇ ಹೇಳುವುದು, ದೀಪಾವಳಿ ಕಳೆದ ಕೂಡಲೇ ತಳಪಾಯ ತೋಡಿಸಿ. ಶಿವರಾತ್ರಿ ಒಳಗೆ ಛಾವಣಿ ಆಗಬೇಕು. ನಡುವೆ ಕಂತು ನಿಂತರೆ ಅಂತ ಸಂಘದ ಸಾಲ ಮೊದಲೇ ಮಾತಾಡಿಟ್ಟುಕೊಳ್ಳಿ. ಇನ್ನೊಂದು, ಆದೇಶ ಬಂದು ಹಳೇ ಮನೆಯ ಫೋಟೋ ಆಗುವವರೆಗೆ ಒಂದು ಹೆಂಚೂ ಇಳಿಸಬೇಡಿ. ನಮ್ಮ ಪಕ್ಕದ ಊರಿನವರೊಬ್ಬರು ಪಟ್ಟಿಯಲ್ಲಿ ಹೆಸರು ಬಂತು ಅಂತ ಖುಷಿಗೆ ಕೆಡವಿಬಿಟ್ಟರು. ಫೋಟೋ ತೆಗೆಯಲು ಬಂದವರಿಗೆ ತೋರಿಸಲು ಹಳೇ ಮನೆಯೇ ಇರಲಿಲ್ಲ.

ತೀರ್ಥಹಳ್ಳಿಯಿಂದ: ಅಕ್ಕ ಹೇಳಿದ್ದು ಸರಿ. ಆದರೆ ಮಂಗಳೂರು ಹೆಂಚಿನ ಮನೆಯನ್ನು ಪಕ್ಕಾ ಮನೆ ಅಂತ ಬರೆದುಕೊಳ್ಳುವುದುಂಟು, ನಮ್ಮ ದೊಡ್ಡಪ್ಪನಿಗೆ ಹಾಗೇ ಕೈತಪ್ಪಿತು. ನಮ್ಮದು ಮಣ್ಣಿನ ಗೋಡೆ, ನಾಡಹೆಂಚು, ಅದಕ್ಕೆ ಸಿಕ್ಕಿತು. ಜಾಗ ಯಾರ ಹೆಸರಲ್ಲಿದೆ ನೋಡಿ. ಸರ್ಕಾರಿ ಜಾಗದಲ್ಲಿದ್ದರೆ 94ಸಿ ಹಕ್ಕುಪತ್ರ, ಅಂದರೆ ಅಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿ ಕೊಡುವ ಪತ್ರ, ಇದೆಯಾ? ಇ-ಸ್ವತ್ತು (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ಆಗಿದೆಯಾ? ನಮ್ಮ ಕಡೆ ಅರ್ಧ ಅರ್ಜಿ ಅಲ್ಲೇ ನಿಲ್ಲುತ್ತವೆ. ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ್ ಯೋಜನೆಗಳಿಗೂ ಗ್ರಾಮಸಭೆಯಲ್ಲೇ ಆಯ್ಕೆ. ಗ್ರಾಮಸಭೆಗೆ ಅಮ್ಮ ಖುದ್ದು ಹೋಗಲಿ, ಸುಮ್ನೆ ಚೀಟಿ ಕಳಿಸಿದರೆ ಆಗುವುದಿಲ್ಲ.

ಕೋಣಂದೂರು ಕಡೆಯ ಮೇಸ್ತ್ರಿ: ನಾನು ಗಾರೆ ಕೆಲಸದವನು. ಅಮ್ಮನಿಗೆ ಹೊಸ ಮನೆ ಬೇಕಾಗಿಲ್ಲ ಅಂತ ನನ್ನ ಅಂದಾಜು. ಮಳೆಗಾಲದ ಗಾಳಿ ಬೀಸುವುದೇ ಪಶ್ಚಿಮದಿಂದ, ಎರಚಲು ಹೊಡೆಯುವುದು ಆ ಗೋಡೆಗೇ. ಜಂಬಿಟ್ಟಿಗೆ ತೂತು ತೂತಿನ ಕಲ್ಲು, ನೀರು ಕುಡಿಯುತ್ತದೆ. ಹಿಂದೆ ಹಿರಿಯರು ಆ ಬದಿಗೆ ಅಡಿಕೆ ಸೋಗೆ ತಟ್ಟಿ ಕಟ್ಟುತ್ತಿದ್ದರಲ್ಲ, ಅದು ದಡ್ಡತನ ಅಲ್ಲ. ಈಗ ಸೋಗೆ ಕಟ್ಟುವವರು ಸಿಗುವುದಿಲ್ಲ. ಆ ಬದಿಯ ಸೂರನ್ನು ಮೂರು ಅಡಿ ಹೊರಕ್ಕೆ ಇಳಿಸಿ ತಗಡು ಹಾಕಿಸಿ. ಗೋಡೆಗೆ ಹೊರಗಿನಿಂದ ಗಾರೆ ಮಾಡಿಸಿ, ಒಳಗಿನಿಂದ ಮಾಡಿದರೆ ಪ್ರಯೋಜನ ಇಲ್ಲ. ಮನೆ ಹಿಂದೆ ಧರೆ, ಅಂದರೆ ಮಣ್ಣಿನ ದಿಬ್ಬ, ಇದ್ದರೆ ಬುಡದಲ್ಲಿ ಕಣಿ ತೋಡಿ ನೀರು ಆಚೆ ಬಿಡಿ. ಎಷ್ಟೋ ಮನೆಯಲ್ಲಿ ಗೋಡೆ ಚಂಡಿಯಾಗುವುದು ಮೇಲಿಂದಲ್ಲ, ಕೆಳಗಿಂದ. ಕೈ ಇಟ್ಟು ನೋಡಿ: ಬುಡ ಜಾಸ್ತಿ ತಣ್ಣಗಿದ್ದರೆ ಧರೆ ನೀರು, ನಡುಮಟ್ಟದಲ್ಲಿದ್ದರೆ ಎರಚಲು.

ಹೆಂಚನ್ನು ಮೇ ತಿಂಗಳಲ್ಲಿ ಕೈಯಾಡಿಸಬೇಕು. ಮಂಗ ಓಡಾಡಿದ ಮನೆಯಾದರೆ ಇಪ್ಪತ್ತು ಮೂವತ್ತು ಹೆಂಚು ಹೆಚ್ಚಿಗೆ ತಂದಿಡಿ. ಹೆಂಚಿನ ಕೆಳಗಿನ ಮರದ ರೀಪು ಲಡ್ಡಾಗಿದೆಯಾ (ಕೊಳೆತಿದೆಯಾ) ಆಗಲೇ ನೋಡಿ. ಯಾರೋ ಹೇಳಿದರು ಅಂತ ಆರ್‌ಸಿಸಿಗೆ ಹೋಗಬೇಡಿ. ಚಪ್ಪಟೆ ಆರ್‌ಸಿಸಿ ಹಾಕಿ, ಐದು ವರ್ಷಕ್ಕೆ ಸೋರಿ, ಅದರ ಮೇಲೆ ಮತ್ತೆ ತಗಡಿನ ಮಾಡು ಮಾಡಿಸಿದವರು ನಮ್ಮೂರಲ್ಲೇ ಬೇಕಾದಷ್ಟಿದ್ದಾರೆ.

ಸೊರಬದಿಂದ: ಗೋಡೆ ಚಂಡಿಯಾದರೆ ಪರಿಹಾರ ಇಲ್ಲ, ಬಿದ್ದರೆ ಉಂಟು. 2022ರ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಪಟ್ಟಿಯಲ್ಲಿ ಕನಿಷ್ಠ 15 ಶೇಕಡಾ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಕೊಟ್ಟಿಗೆಗೆ 3,000. ಬಿದ್ದ ದಿನವೇ ಊರಿನ ಕಂದಾಯ ಅಧಿಕಾರಿ ವಿಎಗೆ ತಿಳಿಸಿ, ಮಣ್ಣು ತೆಗೆಯುವ ಮೊದಲು ಫೋಟೋ ತೆಗೆಯಿರಿ. ನಮ್ಮ ಭಾವನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ 1976ರಿಂದ ಒಂದು ಯೋಜನೆ ಇದೆಯಂತೆ, ಬಡವರು ಇರುವ ಮನೆಗೇ ಬಂದು ಸಂದು ಮುಚ್ಚಿ, ಗೋಡೆ ಛಾವಣಿಗೆ ಚಳಿ ತಡೆಯುವ ಪದರ ಹಾಕಿಕೊಡುತ್ತಾರೆ. ನಮಗೂ ಮಳೆಗೆ ಅಂಥದ್ದೊಂದು ಬೇಕಿತ್ತು ಅಲ್ವಾ? 4,000 ಬೀಳುವ ಮೊದಲೇ ಕೊಟ್ಟರೆ ಸೂರಾದರೂ ಆಗುತ್ತಿತ್ತು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಫೋನ್ ಮಾಡಿ ಗೋಡೆ ಮುಟ್ಟಿ ನೋಡಲು ಹೇಳಿದೆ. ಕಳೆದ ಮಳೆಯಲ್ಲಿ ಜಾಸ್ತಿ ಚಂಡಿಯಾಗಿದ್ದದ್ದು ಕಿಟಕಿ ಮಟ್ಟದಲ್ಲೇ ಅಂತೆ, ಅಂದರೆ ಎರಚಲು. ಮೊದಲು ಸೂರು ಮಾಡಿಸುತ್ತೇನೆ. ಹಕ್ಕುಪತ್ರ ಅಟ್ಟದ ಟ್ರಂಕಿನಲ್ಲಿದೆಯಂತೆ, ಅದಕ್ಕೆ ಬೂಷ್ಟು ಹಿಡಿಯದೆ ಇದ್ದರೆ ಗ್ರಾಮಸಭೆಗೂ ಅರ್ಜಿ ಕೊಡುತ್ತೇವೆ. ಮೇಸ್ತ್ರಿಯವರೇ, ತಗಡು ಯಾವುದು ತರಲಿ?

ಕೋಣಂದೂರು ಕಡೆಯ ಮೇಸ್ತ್ರಿ: ತೆಳುವು ತರಬೇಡಿ, ಆಷಾಢದ ಗಾಳಿಗೆ ಎದ್ದು ಹೋಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ್ದು ತನ್ನಿ. ಮೊಳೆ ಹೊಡೆದ ಕಡೆಯೆಲ್ಲಾ ರಬ್ಬರ್ ವಾಷರ್ ಹಾಕಿದರಾ ಅಂತ ನಿಂತು ನೋಡಿ, ನಾನೇ ಬಂದು ಮಾಡಿದರೂ ನಿಂತು ನೋಡಿ.