ಲೋವೆಲ್ ಗಿರಣಿ ಹುಡುಗಿಯರಿಗೆ 10 ಗಂಟೆ ಕೆಲಸ ಸಿಕ್ಕಿತಾ?

ಪ್ರಶ್ನೆ: 1840ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಬಟ್ಟೆ ಗಿರಣಿಯ ಹೆಂಗಸರು ದಿನಕ್ಕೆ 10 ಗಂಟೆ ದುಡಿದರೆ ಸಾಕು ಅಂತ ಹೋರಾಡಿದರು. ಆಗ ಅವರಿಗೆ ವೋಟೇ ಇರಲಿಲ್ಲ ಅಲ್ವಾ, ಮತ್ತೆ ಕೇಳಿದ್ದು ಹೇಗೆ?

ಉತ್ತರ 1: ಅರ್ಜಿ ಹಾಕಿ. ಗಿರಣಿಯಲ್ಲೇ ದುಡಿಯುತ್ತಿದ್ದ ಸಾರಾ ಬ್ಯಾಗ್ಲಿ ಮತ್ತು ಗೆಳತಿಯರು ಸಂಘ ಕಟ್ಟಿ, ಸಾವಿರಕ್ಕೂ ಜಾಸ್ತಿ ಸಹಿ ಹಾಕಿಸಿ ಶಾಸನಸಭೆಗೆ ಕಳಿಸಿದರು. 1845ರಲ್ಲಿ ಶಾಸನಸಭೆಯ ಸಮಿತಿ ಮುಂದೆ ಒಬ್ಬಾಕೆ ಹೇಳಿದ್ದು ನೋಡಿ, ಸಂಜೆ ಕೆಲಸಕ್ಕೆ ಅವಳಿದ್ದ ಒಂದೇ ಕೋಣೆಯಲ್ಲಿ 293 ಸಣ್ಣ ದೀಪ, 61 ದೊಡ್ಡ ದೀಪ ಹಚ್ಚುತ್ತಿದ್ದರಂತೆ. ಉಸಿರಾಡೋದು ಹೇಗೆ ಮಾರಾಯ್ರೇ!

ಉತ್ತರ 2: ಸಮಿತಿ ಮಾತ್ರ ಕೈತೊಳೆದುಕೊಂಡಿತು. ಪಕ್ಕದ ನ್ಯೂ ಹ್ಯಾಂಪ್‌ಶೈರ್ 1847ರಲ್ಲಿ ಕಾನೂನು ತಂದಿತು, ಸುಮ್ನೆ ಹೆಸರಿಗೆ. ಜಾಸ್ತಿ ಹೊತ್ತು ದುಡಿಯಲು ಒಪ್ಪಿ ಸಹಿ ಹಾಕಿದವರಿಗೆ ಅದು ಅನ್ವಯವೇ ಆಗುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು: ಲೋವೆಲ್‌ನವರಿಗೆ?

ಉತ್ತರ 2: 1874ರಲ್ಲಿ. ಅದೂ ಹೆಂಗಸರು, ಮಕ್ಕಳಿಗೆ ಮಾತ್ರ.