ಮಕ್ಕಳ ಮೂಳೆ ಡಾಕ್ಟರ್ ಹತ್ರ ಕೇಳಿ: ಸಿಪಿ, ಡಿಎಂಡಿ, ಎಸ್‌ಎಂಎ ಇರೋ ಮಕ್ಕಳ ಕಾಲು, ಸೊಂಟ, ಬೆನ್ನು

ಡಾಕ್ಟರ್: ಎಲ್ರಿಗೂ ನಮಸ್ಕಾರ. ನಾನು ಮಕ್ಕಳ ಮೂಳೆ ಸರ್ಜನ್, 22 ವರ್ಷದಿಂದ ಇದೇ ಕೆಲಸ. ನನ್ನ ಹತ್ರ ಬರೋರಲ್ಲಿ ಹೆಚ್ಚಿನೋರು ಮೆದುಳು, ನರ ಇಲ್ಲಾ ಸ್ನಾಯುವಿನ ತೊಂದರೆ ಇರೋ ಮಕ್ಕಳೇ. ಸಿಪಿ ಅಂದ್ರೆ ಸೆರೆಬ್ರಲ್ ಪಾಲ್ಸಿ, ಬೆಳೀತಿರೋ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪೋದು; ಡಿಎಂಡಿ ಸ್ನಾಯು ಸವೆಯೋ ಕಾಯಿಲೆ; ಎಸ್‌ಎಂಎ ಅಂದ್ರೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಬೆನ್ನುಹುರಿಯ ನರಕೋಶ ಸತ್ತು ಸ್ನಾಯು ಸೊರಗೋದು. ಇವತ್ತು ಸಂಜೆ ಒಪಿಡಿ ಇಲ್ಲ, ಕೂತು ಉತ್ತರ ಬರೀತೀನಿ. ಮಗೂನ ನೋಡ್ದೆ ಔಷಧಿ ಹೇಳಲ್ಲ, ನಿಮ್ಮ ಡಾಕ್ಟರ್ ಹತ್ರ ಏನು ಕೇಳ್ಬೇಕು ಅಂತ ಹೇಳ್ತೀನಿ.

ಪ್ರಶ್ನೆ (ತಾಯಿ, ಅರಸೀಕೆರೆ): ಮೇಡಂ, ನನ್ ಮಗಳಿಗೆ 4 ವರ್ಷ. ಹುಟ್ಟಿದ ತಕ್ಷಣ ಅಳ್ಲಿಲ್ಲ, ಆಮೇಲೆ ಸಿಪಿ ಅಂದ್ರು. ಹಿಡ್ಕೊಂಡ್ರೆ ಮಾತ್ರ ಕೂರ್ತಾಳೆ. ಎರಡೂ ಕಾಲು ಕತ್ತರಿ ತರ ಒಂದ್ರ ಮೇಲೊಂದು ಹೋಗುತ್ತೆ, ಡೈಪರ್ ಹಾಕೋಕೇ ಕಷ್ಟ. ಹಿಮ್ಮಡಿ ನೆಲಕ್ಕೆ ತಾಗಲ್ಲ, ಅದಕ್ಕೆ ಆಪರೇಷನ್ ಮಾಡ್ಸಿದ್ರೆ ನಡೀತಾಳಾ?

ಡಾಕ್ಟರ್: ಅಮ್ಮ, ಹಿಮ್ಮಡಿ ವಿಷಯ ಆಮೇಲೆ ನೋಡೋಣ. ನೀವು ಬರೆದಿದ್ರಲ್ಲಿ ನನ್ನನ್ನ ತಡೆದು ನಿಲ್ಲಿಸಿದ್ದು ಡೈಪರ್ ಹಾಕೋಕೆ ಕಷ್ಟ ಅನ್ನೋ ಮಾತು. ಸೊಂಟದ ಎಕ್ಸ್‌ರೇ ಯಾವತ್ತಾದ್ರೂ ತೆಗೆಸಿದೀರಾ?

ಯಾಕೆ ಕೇಳ್ತಿದೀನಿ ಅಂದ್ರೆ, ಸಿಪಿಯಲ್ಲಿ ಮೆದುಳಿಗೆ ಆದ ಪೆಟ್ಟು ಹೆಚ್ಚಾಗ್ತಾ ಹೋಗಲ್ಲ, ಆದ್ರೆ ಮಗು ಬೆಳೆದ ಹಾಗೆ ಮೂಳೆ ಉದ್ದ ಆಗುತ್ತೆ, ಬಿಗಿ ಹಿಡಿದ ಸ್ನಾಯು ಅಷ್ಟು ಬೇಗ ಉದ್ದ ಆಗಲ್ಲ, ಹಾಗಾಗಿ ತೊಡೆ ಒಳಗಿನ ಸ್ನಾಯು ಎಳೆದೂ ಎಳೆದೂ ತೊಡೆಮೂಳೆಯ ಗುಂಡನ್ನ ಅದರ ಬಟ್ಟಲಿಂದ ನಿಧಾನಕ್ಕೆ ಆಚೆ ಜಾರಿಸುತ್ತೆ. ಶುರುವಲ್ಲಿ ನೋವೇ ಇರಲ್ಲ, ಅದೇ ಮೋಸ. ಒಟ್ಟು ಸಿಪಿ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ರಿಗೆ ಹೀಗೆ ಜಾರುತ್ತೆ. ಚೆನ್ನಾಗಿ ನಡೆದಾಡೋ ಮಕ್ಕಳಲ್ಲಿ ಹೆಚ್ಚುಕಮ್ಮಿ ಇಲ್ವೇ ಇಲ್ಲ, ಆದ್ರೆ ಕುತ್ತಿಗೆ ನಿಲ್ಲದೇ ಇರೋ, ಪೂರ್ತಿ ಎತ್ತಿಕೊಂಡೇ ಓಡಾಡಿಸ್ಬೇಕಾದ ಮಕ್ಕಳಲ್ಲಿ 100ಕ್ಕೆ 90 ಮಂದಿಗೆ. ಮಗು ತಾನಾಗೇ ಎಷ್ಟು ಓಡಾಡುತ್ತೆ ಅಂತ ಹೇಳೋಕೆ ಜಿಎಂಎಫ್‌ಸಿಎಸ್ ಅಂತ 5 ಹಂತದ ಅಳತೆ ಇದೆ, 1997ರಲ್ಲಿ ಕೆನಡಾದವರು ಮಾಡಿದ್ದು. ನಿಮ್ಮ ಮಗಳು ಯಾವ ಹಂತ ಅಂತ ಡಾಕ್ಟರ್ ಹತ್ರ ಕೇಳಿ, ಫೈಲಲ್ಲಿ ಬರೆಸ್ಕೊಳ್ಳಿ.

ಬೇಗ ಗೊತ್ತಾದ್ರೆ ತೊಡೆಸಂದಿಯ ಬಿಗಿ ಸ್ನಾಯು ಬಿಡಿಸೋ ಚಿಕ್ಕ ಆಪರೇಷನ್ನಲ್ಲಿ ಎಷ್ಟೋ ಸಲ ತಡೀಬಹುದು ಇಲ್ಲಾ ಮುಂದಕ್ಕೆ ತಳ್ಳಬಹುದು, ತಡ ಆದ್ರೆ ತೊಡೆಮೂಳೆ ಕತ್ತರಿಸಿ ತಿರುಗಿಸಿ ಪ್ಲೇಟ್ ಹಾಕಿ ಬಟ್ಟಲನ್ನೂ ಸರಿಮಾಡ್ಬೇಕು, ಇನ್ನೂ ತಡ ಆದ್ರೆ ಗುಂಡು ಸವೆದು ಮಗು ರಾತ್ರಿಯೆಲ್ಲ ಅಳುತ್ತೆ, ಆಗ ನಮ್ಮ ಕೈಲಿ ಒಳ್ಳೇ ದಾರಿ ಉಳಿದಿರಲ್ಲ. ದಕ್ಷಿಣ ಸ್ವೀಡನ್‌ನಲ್ಲಿ 1994ರಿಂದ ಪ್ರತಿಯೊಬ್ಬ ಸಿಪಿ ಮಗುವಿಗೂ ಲೆಕ್ಕ ಇಟ್ಟು ಸೊಂಟದ ಎಕ್ಸ್‌ರೇ ತೆಗೀತಾ ಬಂದ್ರು, ಅಲ್ಲಿ ಸೊಂಟ ಪೂರ್ತಿ ಕಳಚಿಕೊಳ್ಳೋ ಮಕ್ಕಳೇ ಹೆಚ್ಚುಕಮ್ಮಿ ಇಲ್ದಂಗಾಯ್ತು. ನಮ್ಮಲ್ಲಿ ಎಕ್ಸ್‌ರೇ ತಾಲೂಕು ಆಸ್ಪತ್ರೆಯಲ್ಲೂ ಇದೆ, ತೆಗೆಸ್ಬೇಕು ಅಂತ ಹೇಳೋರು ಕಮ್ಮಿ.

ನಡೀತಾಳಾ ಅಂತ ಕೇಳಿದ್ರಿ. ನಿಮ್ಗೆ ಸುಳ್ಳು ಹೇಳಲ್ಲ. 4 ವರ್ಷಕ್ಕೂ ತಾನಾಗೇ ಕೂರೋಕಾಗದ ಮಗು ಮುಂದೆ ಯಾರ ಸಹಾಯವೂ ಇಲ್ದೆ ನಡೆಯೋ ಸಾಧ್ಯತೆ ತುಂಬಾ ಕಮ್ಮಿ. ಆದ್ರೆ ನೋವಿಲ್ದೆ ನೆಟ್ಟಗೆ ಕೂತ್ಕೊಂಡು ನಿಮ್ಮ ಮುಖ ನೋಡ್ಕೊಂಡು ಊಟ ಮಾಡೋದು, ಸ್ಟ್ಯಾಂಡರ್‌ನಲ್ಲಿ (ಆಸರೆ ಕೊಟ್ಟು ನಿಲ್ಲಿಸೋ ಚೌಕಟ್ಟು) ನಿಲ್ಲೋದು, ಸ್ಕೂಲಿಗೆ ಹೋಗೋದು, ಇದೆಲ್ಲ ಆಗುತ್ತೆ, ಅದಕ್ಕೆ ಸೊಂಟ ಜಾಗದಲ್ಲಿ ಇರ್ಬೇಕು.

ಪ್ರಶ್ನೆ (ಗದಗ): ಮೇಡಂರೀ, ನಮ್ಮ ಅಣ್ಣನ ಮಗ, 7 ವರ್ಷದಾಂವ. ನೆಲದಿಂದ ಏಳಬೇಕಂದ್ರ ತೊಡಿ ಮ್ಯಾಲ ಕೈ ಊರಿ ಏಳ್ತಾನ, ಮೀನಖಂಡ ಗಟ್ಟಿ ದಪ್ಪ ಅದಾವ, ತುದಿಗಾಲ ಮ್ಯಾಲ ನಡೀತಾನ. ಒಬ್ರು ಹಿಮ್ಮಡದ ನರ ಕೊಯ್ದು ಉದ್ದ ಮಾಡೂಣು ಅಂದಾರ. ಮಾಡಸೂಣೇನ್ರಿ?

ಡಾಕ್ಟರ್: ಸದ್ಯಕ್ಕೆ ಬೇಡ ಅಣ್ಣಾ. ಮೊದಲು ಸ್ನಾಯು ಹಾಳಾಗ್ತಿದ್ಯಾ ಅಂತ ತೋರಿಸೋ ಸಿಪಿಕೆ ಅಂತ ಒಂದು ರಕ್ತಪರೀಕ್ಷೆ ಮಾಡ್ಸಿ, ಅದು ತುಂಬಾ ಜಾಸ್ತಿ ಬಂದ್ರೆ ಜೀನ್ ಪರೀಕ್ಷೆ. ನೀವು ಹೇಳಿದ್ದೆಲ್ಲ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಡಿಎಂಡಿ) ಇರಬಹುದು ಅನ್ನೋ ಲಕ್ಷಣ, ಡಿಸ್ಟ್ರೋಫಿನ್ ಅನ್ನೋ ಪ್ರೋಟೀನ್ ಇಲ್ದೆ ಸ್ನಾಯು ಸವೆದು ಹೋಗೋದು, ಹೆಚ್ಚುಕಮ್ಮಿ ಎಲ್ಲಾ ಗಂಡುಮಕ್ಕಳಲ್ಲೇ. ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಇಂಥ ಕಾಯಿಲೆ ನೋಡೋ ವಿಭಾಗ ಇದೆ.

ಈ ಹುಡುಗರು ತುದಿಗಾಲಲ್ಲಿ ನಡೆಯೋದು ಬರೀ ಬಿಗಿಗಲ್ಲ. ತೊಡೆಯಲ್ಲಿ ಶಕ್ತಿ ಇಲ್ಲ, ಮಂಡಿ ಕುಸಿದು ಬೀಳಬಾರ್ದು ಅಂತ ದೇಹವೇ ಹುಡುಕಿಕೊಂಡ ಉಪಾಯ ಅದು, ಹೊಟ್ಟೆ ಮುಂದಕ್ಕೆ ಹಾಕಿ, ಎದೆ ಹಿಂದಕ್ಕೆ ಎಳ್ಕೊಂಡು, ತುದಿಗಾಲಲ್ಲಿ ತೂಕ ಇಟ್ಟು ನಿಲ್ತಾರೆ. ಅದನ್ನ ಕೊಯ್ದು ಸಡಿಲ ಮಾಡಿದ್ರೆ ನಡೀತಿದ್ದ ಹುಡುಗ ಕೂತುಬಿಡಬಹುದು. ಇನ್ನೆರಡು ಮಾತು: ಇವನಿಗೆ ಯಾವುದೇ ಆಪರೇಷನ್ ಆಗ್ಲಿ, ಹಲ್ಲಿಂದೇ ಆಗ್ಲಿ, ಅರಿವಳಿಕೆ ಕೊಡೋ ಡಾಕ್ಟರಿಗೆ ಮೊದ್ಲೇ ಹೇಳ್ಬೇಕು, ಸಕ್ಸಿನೈಲ್‌ಕೋಲಿನ್ ಅನ್ನೋ ಇಂಜೆಕ್ಷನ್ ಈ ಮಕ್ಕಳಿಗೆ ಹೃದಯ ನಿಲ್ಲಿಸಿಬಿಡಬಹುದು. ಬಿದ್ದು ಕಾಲು ಮುರಿದ್ರೆ ತಿಂಗಳುಗಟ್ಟಲೆ ಮಲಗಿಸ್ಬೇಡಿ, ಬೇಗ ಸರಿಮಾಡಿಸಿ ನಿಲ್ಲಿಸ್ಬೇಕು, ಮಲಗಿಸಿದಷ್ಟು ದಿನ ಇರೋ ಶಕ್ತಿನೂ ಹೋಗುತ್ತೆ.

ಪ್ರಶ್ನೆ (ಎಂಎಸ್ ಆರ್ಥೋ ವಿದ್ಯಾರ್ಥಿ): ಮೇಡಂ, ಬ್ಯಾಚಲ್ಲಿ ಎಲ್ರೂ ಮಂಡಿ ಬದಲಾವಣೆ, ಆರ್ಥ್ರೋಸ್ಕೋಪಿ ಅಂತಾರೆ. ನೀವು ಇದಕ್ಕೆ ಹೆಂಗೆ ಬಂದ್ರಿ?

ಡಾಕ್ಟರ್: ಒಬ್ಬ ಹುಡುಗನಿಂದ. ಎಂಎಸ್ ಮುಗಿಸಿ ಹೊಸದರಲ್ಲಿ ತುದಿಗಾಲಲ್ಲಿ ನಡೀತಿದ್ದ 6 ವರ್ಷದ ಸಿಪಿ ಹುಡುಗನಿಗೆ ಎರಡೂ ಹಿಮ್ಮಡಿಯ ಸ್ನಾಯುರಜ್ಜು ಉದ್ದ ಮಾಡ್ದೆ. ಪ್ಲಾಸ್ಟರ್ ಬಿಚ್ಚಿದಾಗ ಪಾದ ನೆಲಕ್ಕೆ ಚಪ್ಪಟೆಯಾಗಿ ಕೂತಿತ್ತು, ಅವರಪ್ಪ ನನ್ನ ಕೈ ಹಿಡ್ಕೊಂಡು ಅತ್ತಿದ್ರು. ನಾಲ್ಕು ವರ್ಷ ಬಿಟ್ಟು ಬಂದಾಗ ಹುಡುಗ ಮಂಡಿ ಮಡಚಿ, ಅರ್ಧ ಕೂತ ಹಾಗೆ ಬಗ್ಗಿ ನಡೀತಿದ್ದ, ಹತ್ತು ಹೆಜ್ಜೆಗೆ ಸುಸ್ತು. ತೊಡೆ ಹಿಂದಿನ ಬಿಗಿ, ಸೊಂಟದ ಬಿಗಿ ಎರಡನ್ನೂ ನೋಡ್ದೆ ಮೀನಖಂಡದ ಬಲ ಕಿತ್ತುಕೊಂಡಿದ್ದೆ ನಾನು. ತಪ್ಪು ನನ್ನದು ಅಂತ ಅವರಪ್ಪನಿಗೆ ಹೇಳ್ದೆ. ಆ ವರ್ಷವೇ ಫೆಲೋಶಿಪ್‌ಗೆ ಹೋದೆ.

ಹೀಗೆ ಒಂದೊಂದೇ ಜಾಗ ನೋಡಿ ಆಪರೇಷನ್ ಮಾಡ್ತಾ ಹೋಗೋದಕ್ಕೆ ಟೊರಾಂಟೊದ ಮರ್ಸರ್ ರ್‍ಯಾಂಗ್ ಅನ್ನೋ ಸರ್ಜನ್ ಬರ್ತ್‌ಡೇ ಸಿಂಡ್ರೋಮ್ ಅಂತ ಹೆಸರಿಟ್ಟಿದ್ರು, ಈ ವರ್ಷ ಹಿಮ್ಮಡಿ, ಬರೋ ವರ್ಷ ಮಂಡಿ, ಆಮೇಲೆ ಸೊಂಟ, ಮಗು ಪ್ರತಿ ಹುಟ್ಟುಹಬ್ಬಾನೂ ಪ್ಲಾಸ್ಟರಲ್ಲೇ ಕಳೆಯೋದು. ಈಗ ನಡೆಯೋ ಮಕ್ಕಳಿಗೆ ನಡಿಗೆ ಪೂರ್ತಿ ವಿಡಿಯೋ ಮಾಡಿ, ಅಳೆದು, ಸರಿಯಾದ ವಯಸ್ಸಿಗೆ ಕಾದು, ಬೇಕಾಗಿದ್ದನ್ನೆಲ್ಲ ಒಂದೇ ಸಲ ಮಾಡ್ತೀವಿ, ಆಮೇಲೆ ಒಂದು ವರ್ಷ ಫಿಸಿಯೋ. ಎಂಬಿಬಿಎಸ್ ಐದೂವರೆ, ಎಂಎಸ್ 3, ಮೇಲೆ ಫೆಲೋಶಿಪ್ ಒಂದೋ ಎರಡೋ ವರ್ಷ. ದುಡ್ಡು ಮಂಡಿ ಸರ್ಜನ್‌ಗಳಷ್ಟು ಬರಲ್ಲ. ಆದ್ರೆ 2 ವರ್ಷದಲ್ಲಿ ನೋಡಿದ ಮಗು 18ಕ್ಕೆ ಬಂದು ಕಾಲೇಜು ಸೇರ್ದೆ ಮೇಡಂ ಅನ್ನೋದು ಬೇರೆ ಬ್ರಾಂಚಲ್ಲಿ ಇಷ್ಟು ಸಿಗಲ್ಲ. ಬನ್ನಿ, ಈ ಕೆಲಸಕ್ಕೆ ಜನ ಬೇಕು.

ಪ್ರಶ್ನೆ: ಬೊಟಾಕ್ಸ್ ಹಾಕ್ಸಿದ್ರೆ ಆಪರೇಷನ್ ತಪ್ಪುತ್ತಾ?

ಡಾಕ್ಟರ್: ಬಿಗಿ ಹಿಡಿದ ಸ್ನಾಯುವಿಗೆ ಚುಚ್ಚೋ ಇಂಜೆಕ್ಷನ್ ಅದು, ಮೂರರಿಂದ ಆರು ತಿಂಗಳು ಬಿಗಿ ಕಮ್ಮಿ ಮಾಡುತ್ತೆ, ಆ ಸಮಯದಲ್ಲಿ ಸ್ಪ್ಲಿಂಟ್, ಫಿಸಿಯೋ ಮಾಡಿದ್ರೆ ಉಪಯೋಗ. ಆಗಲೇ ಗಿಡ್ಡ ಆಗಿಹೋಗಿರೋ ಸ್ನಾಯುವನ್ನ ಅದು ಉದ್ದ ಮಾಡಲ್ಲ.

ಪ್ರಶ್ನೆ (ತಂದೆ, ಮಂಗಳೂರು): ಮಗಳಿಗೆ ಎಸ್‌ಎಂಎ ಟೈಪ್ 2, 9 ವರ್ಷ, ಬೆನ್ನು ವಾಲ್ತಾ ಇದೆ. ಈಗ ಔಷಧಿ ಬಂದಿದ್ಯಲ್ಲ, ಬೆನ್ನಿನ ಆಪರೇಷನ್ ಬೇಕಾ?

ಡಾಕ್ಟರ್: ನುಸಿನರ್ಸೆನ್ (ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ತು), ರಿಸ್ಡಿಪ್ಲಾಮ್ (2020) ಬಂದ್ಮೇಲೆ ಈ ಮಕ್ಕಳ ಬದುಕೇ ಬದಲಾಗಿದೆ, ನನ್ನ ಕಣ್ಣಾರೆ ನೋಡ್ತಿದೀನಿ. ಆದ್ರೆ ಬೆನ್ನು ವಾಲೋದು ಔಷಧಿ ಒಂದರಿಂದಲೇ ನಿಲ್ಲುತ್ತೆ ಅಂತ ಕಾಯಬೇಡಿ, ಆರು ತಿಂಗಳಿಗೊಮ್ಮೆ ಕೂರಿಸಿ ಎಕ್ಸ್‌ರೇ ತೆಗೆಸಿ, ಶ್ವಾಸಕೋಶ ಚೆನ್ನಾಗಿರುವಾಗಲೇ ನಿರ್ಧಾರ ಮಾಡ್ಬೇಕು. ಬೆನ್ನಿಗೆ ಚುಚ್ಚೋ ನುಸಿನರ್ಸೆನ್ ನಡೀತಿದ್ರೆ ಸರ್ಜನ್‌ಗೆ ಮೊದ್ಲೇ ಹೇಳಿ, ಬೆನ್ನು ನೆಟ್ಟಗೆ ಹಿಡಿಯೋ ರಾಡ್ ಹಾಕುವಾಗ ಕೆಳಬೆನ್ನಲ್ಲಿ ಸೂಜಿ ಹೋಗೋಕೆ ಜಾಗ ಬಿಟ್ಟು ಹಾಕ್ಬೇಕು.

ಪ್ರಶ್ನೆ: ಖರ್ಚಿಗೆ ಏನಾದ್ರೂ ದಾರಿ ಇದ್ಯಾ?

ಡಾಕ್ಟರ್: ಮೊದ್ಲು ಯುಡಿಐಡಿ ಕಾರ್ಡ್ (ಸರ್ಕಾರ ಕೊಡೋ ಅಂಗವೈಕಲ್ಯ ಗುರುತಿನ ಚೀಟಿ) ಮಾಡ್ಸಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸಿಪಿ, ಮಸ್ಕ್ಯುಲರ್ ಡಿಸ್ಟ್ರೋಫಿ ಎರಡೂ ಇವೆ. ಸಿಪಿ ಮಕ್ಕಳಿಗೆ ನಿರಾಮಯ ಇನ್ಶೂರೆನ್ಸ್ ವರ್ಷಕ್ಕೆ 1 ಲಕ್ಷದವರೆಗೆ, ಅದರಲ್ಲಿ ಫಿಸಿಯೋ ಖರ್ಚಿಗೂ ಸ್ವಲ್ಪ ಸಿಗುತ್ತೆ. ಡಿಸ್ಟ್ರೋಫಿ ಮಾತ್ರ ಇದ್ರೆ ನಿರಾಮಯ ಬರಲ್ಲ, ಇದು ನನಗೆ ತುಂಬಾ ಬೇಜಾರಿನ ವಿಷಯ.

ಪ್ರಶ್ನೆ (ತಾಯಿ, ಅರಸೀಕೆರೆ): ಮೇಡಂ, ಎಕ್ಸ್‌ರೇ ಇದುವರೆಗೂ ಯಾರೂ ಬರೆದುಕೊಟ್ಟಿಲ್ಲ. ನಾಳೆನೇ ತೆಗೆಸ್ತೀನಿ. ಏನಂತ ಹೇಳ್ಲಿ?

ಡಾಕ್ಟರ್: ಎರಡೂ ಸೊಂಟ ಕಾಣೋ ಹಾಗೆ ಪೆಲ್ವಿಸ್ ಎಪಿ ಅಂತ ಹೇಳಿ ಅಮ್ಮ. ಕಾಲು ಕತ್ತರಿ ಆದ್ರೆ ಫಿಲ್ಮ್ ತಪ್ಪು ತೋರಿಸುತ್ತೆ, ಅದಕ್ಕೆ ಮಂಡಿಚಿಪ್ಪು ಮೇಲೆ ನೋಡೋ ಹಾಗೆ ಎರಡೂ ಕಾಲನ್ನ ನೇರ ಇಟ್ಕೊಂಡು ಮೆತ್ತಗೆ ಹಿಡ್ಕೊಬೇಕು, ಹಿಡ್ಕೊಳ್ಳೋರಿಗೆ ಸೀಸದ ಏಪ್ರನ್ ಕೇಳಿ, ನೀವು ಬಸುರಿ ಆಗಿದ್ರೆ ಬೇರೆ ಯಾರಾದ್ರೂ ಹಿಡಿಲಿ. ಫಿಲ್ಮ್ ಜೋಪಾನವಾಗಿ ಇಟ್ಕೊಳ್ಳಿ, ಮುಂದಿನ ಸಲದ್ದನ್ನ ಇದರ ಪಕ್ಕ ಇಟ್ಟು ನೋಡಿದ್ರೇನೇ ಜಾರ್ತಿದ್ಯೋ ಇಲ್ವೋ ಗೊತ್ತಾಗೋದು. ತೆಗೆಸಿದ ಮೇಲೆ ಇಲ್ಲೇ ಹೇಳಿ, ನಿಮ್ಮ ಜಿಲ್ಲೆಗೆ ಹತ್ರ ಎಲ್ಲಿ ತೋರಿಸ್ಬೇಕು ಅಂತ ತಿಳಿಸ್ತೀನಿ.